ನಕಲು ಎಂದವಳು ನಾನೇ

ಶಾರದೆಯ ಚಿತ್ರವನ್ನು ನಕಲು ಎಂದವಳು ನಾನೇ. ಬೇರೆ ಯಾರೂ ಅಲ್ಲ.

ಮೈಸೂರಿನಲ್ಲಿ ಚಿತ್ರಕಲೆ ಕಲಿಯುವಾಗ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅವಳ ಅಪ್ಪ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ನೌಕರ. ರಜೆಗೆ ಹೋದಾಗಲೆಲ್ಲ ಅವಳು ಕಾವೇರಿಯ ಮರಳು ತಂದು, ಜರಡಿ ಹಿಡಿದು, ಬಣ್ಣಕ್ಕೆ ಬೆರೆಸಿ, ಅಲ್ಲಿನ ಗುಡ್ಡವಿಳಿಯುವ ದಪ್ಪ ಕೊಳವೆಗಳನ್ನು ಬರೆಯುತ್ತಿದ್ದಳು. ಮುಟ್ಟಿದರೆ ತುಕ್ಕು ಕೈಗೆ ಹತ್ತಿದಂತೆ! ನೋಡಿ ನೋಡಿ ನಾನೂ ಕಲಿತೆ.

ಅವಳು ಮದುವೆಯಾಗಿ ಮಳವಳ್ಳಿಗೆ ಹೋದಳು. ಕುಂಚ ಮೂಲೆ ಸೇರಿತು. ನಾನು ಮರಳು ಬೆರೆಸಿ ಬರೆದ ಚಿತ್ರಕ್ಕೆ ಸಮಕಾಲೀನ ಚಿತ್ರಕಲೆಯ ಬಹುಮಾನ ಬಂತು. "ನಮ್ ಕಾವೇರಿ ಮರಳು ಕಣೇ!" ಎಂದು ಶಾರದೆ ಹಿಗ್ಗಿದಳು. ಪತ್ರಿಕೆಯವರು ಕೇಳಿದಾಗ ಮಾತ್ರ ನಾನು, ಇದು ನನ್ನದೇ ಶೋಧ ಎಂದೆ. ಅಂದುಬಿಟ್ಟೆ—

ಹಿಂದೆ ಗೆದ್ದವರೇ ಆ ಬಹುಮಾನದ ತೀರ್ಪುಗಾರರು. ಕೆಲವು ವರ್ಷಗಳ ಮೇಲೆ ನನ್ನ ಸರದಿ ಬಂತು. ನಮ್ಮ ಹೆಸರು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಚಿತ್ರ ಬರೆದವರ ಹೆಸರು ನಮಗೆ ತಿಳಿಯುತ್ತಿರಲಿಲ್ಲ. ಆದರೂ ಒಂದು ಚಿತ್ರದ ಮುಂದಿನಿಂದ ಕಾಲು ಕಿತ್ತಿಡಲು ನನಗಾಗಲಿಲ್ಲ. ಆ ಕೊಳವೆಗಳು, ಆ ತುಕ್ಕು— ಶಾರದೆ ಮತ್ತೆ ಕುಂಚ ಹಿಡಿದಿದ್ದಳು. ನನ್ನದಕ್ಕಿಂತ ಎಷ್ಟೋ ಮೇಲು. ಜೊತೆಯವರಿಬ್ಬರು ಬಹುಮಾನ ಇದಕ್ಕೇ ಎನ್ನುವುದರಲ್ಲಿದ್ದರು.

"ಇದು ನನ್ನ ಚಿತ್ರದ ನಕಲು," ಎಂದೆ.

ಅಷ್ಟೇ. ಅದನ್ನು ಪಕ್ಕಕ್ಕಿಟ್ಟರು.

ಅದಕ್ಕಿಂತ ದೊಡ್ಡ ತಪ್ಪು ಆಮೇಲಿನದು. ನಕಲು ಎಂದಷ್ಟೇ ಬರೆದು ಚಿತ್ರವನ್ನು ಹಿಂದಕ್ಕೆ ಕಳಿಸಿದಾಗ ಶಾರದೆ ಮಂಡ್ಯದ ಗುತ್ತಲಿನ ನಮ್ಮ ಮನೆಗೆ ಬಂದು ಅತ್ತಳು. "ನಕಲಂತೆ ಕಣೇ! ಯಾರ್ದ ನೋಡ್ಕಂಡು ಬರ್ದೆನಂತೆ ನಾನು? ನೀನಾದ್ರೂ ಯೋಳೇ."

"ಬುಡೇ, ಅವ್ರಿಗೇನು ಗೊತ್ತಾಯ್ತದೆ," ಎಂದು ಬೆನ್ನು ಸವರಿದೆ. ನಾನೇ, ಈ ಕೈಯಿಂದಲೇ—

ಅವಳು ಮತ್ತೆ ಬರೆಯಲಿಲ್ಲ.

ಈಗ ಮಂಡ್ಯದಲ್ಲಿ ಹಿಂದಿನ ವಿಜೇತರ ಚಿತ್ರಪ್ರದರ್ಶನ. ನನ್ನದೂ ಇದೆ. ಮೊನ್ನೆ ಮಳವಳ್ಳಿಗೆ ಹೋಗಿ ಅವಳಿಗೆ ಎಲ್ಲ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದವಳು ತಲೆಯೆತ್ತದೆ ಕೇಳಿದಳು.

"ಅವತ್ತೇ ಯೋಳಿದ್ರೆ ಚೆನ್ನಾಗಿ ಉಗ್ದು ಬತ್ತಿದ್ದೆ. ಬಂದು ಇನ್ನೊಂದು ಬರೀತಿದ್ದೆ. ನಂಗೇ ಬರಾಕಿಲ್ಲ ಅನ್ಕಂಡು ಕುಂತ್ಬುಟ್ನಲ್ಲೇ, ಇಷ್ಟು ವರ್ಸ!"

ತಪ್ಪಾಯಿತು ಎನ್ನಲು ಬಾಯಿ ತೆರೆದೆ.

"ಓಗು, ಬಸ್ಸು ಬತ್ತದೆ," ಎಂದಳು.

ಪ್ರದರ್ಶನದ ದಿನ ನನ್ನನ್ನು ಮಾತಿಗೆ ಕರೆದಿದ್ದಾರೆ. ನನ್ನ ಚಿತ್ರದ ಮುಂದೆ ನಿಂತು ಇದಿಷ್ಟನ್ನೂ ಹೇಳುತ್ತೇನೆ. ಕೇಳಲು ಶಾರದೆ ಬರುವುದಿಲ್ಲ. ಬಾ ಎಂದು ಕರೆಯಲು ನನಗೆ ಬಾಯಿಲ್ಲ.