ಕೂಡಿಸಿ ಹೇಳಿದ ಮಾತು

ಹೋದ ತಿಂಗಳು ಶಿಗ್ಗಾಂವಿಯ ನಮ್ಮ ಶಾಲೆಯಲ್ಲಿ ಹಿರಿಯ ಶಿಕ್ಷಕರೊಬ್ಬರಿಗೆ ಬೀಳ್ಕೊಡುಗೆ ಇತ್ತು. ನನ್ನ ಸರದಿ ಬಂದಾಗ ಎದ್ದು ಹೋಗಿ ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡೆ. ಅದರ ಜಾಲರಿಯಿಂದ ಒಂದು ವಾಸನೆ ಮೂಗಿಗೆ ಬಡಿಯಿತು. ತುಕ್ಕು ಹಿಡಿದ ಕಬ್ಬಿಣದ್ದು, ಯಾರ್ಯಾರದೋ ಉಸಿರಿನದ್ದು, ಅದರ ನಡುವೆ ಸಣ್ಣಗೆ ಲವಂಗದ್ದು... ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಅಲ್ಲೇ ಕಳೆದುಹೋಯಿತು. ಎರಡು ಸಾಲು ಹೇಳಿ ಬಂದು ಕುಳಿತೆ. ಪಕ್ಕದಲ್ಲಿದ್ದವರು ಏನಾಯಿತೆಂದು ಕಣ್ಣಲ್ಲೇ ಕೇಳಿದರು. ಏನಿಲ್ಲವೆಂದು ತಲೆಯಾಡಿಸಿದೆ.

ಎಷ್ಟೋ ವರ್ಷಗಳ ಹಿಂದೆ ನಾನು ಹಾನಗಲ್ಲಿನಿಂದ ತಿಳವಳ್ಳಿಗೆ ಹೋಗುವ ರಸ್ತೆಯ ಮೇಲಿನ ಒಂದು ಊರಿನಲ್ಲಿ ಶಿಕ್ಷಕಿಯಾಗಿದ್ದೆ. ನಾನು ಬಾಡಿಗೆಗಿದ್ದ ಕೋಣೆಗೆ ಹತ್ತಿದಂತೆಯೇ ಅಂಥದೇ ವಾಸನೆಯ ಮೈಕಿದ್ದ ಒಬ್ಬರ ಮನೆ. ಊರಿಗೆಲ್ಲ ಅವರು ಮೈಕಿನ ಕಾಕಾ. ಮದುವೆ, ಮುಂಜಿವೆ, ನಾಟಕ, ಸಭೆ ಯಾವುದಿದ್ದರೂ ಮೈಕ್‌ಸೆಟ್ಟು ಅವರದೇ. ಕಟ್ಟೆಯ ಮೇಲೆ ಕಹಳೆಯಂಥ ಎರಡು ಕಬ್ಬಿಣದ ಸ್ಪೀಕರು, ಭೋಂಗಾ, ಮಲಗಿರುತ್ತಿದ್ದವು. ಆಂಪ್ಲಿಫೈಯರಿಗೆ ಮಾತ್ರ ಒಳಗೆ ಜಾಗ, ಅದರ ಮೇಲೆ ಹೊದಿಸಲು ಒಂದು ಕೌದಿ. ಮಾತು ಶುರು ಮಾಡುವ ಮೊದಲು ಕಾಕಾ ನಾಲಿಗೆಯ ಕೆಳಗೆ ಒಂದು ಲವಂಗ ಇಟ್ಟುಕೊಳ್ಳುತ್ತಿದ್ದರು. ಅವರ ಧ್ವನಿ ಎಂಥದೆಂದರೆ, ಗೋವಿನಜೋಳದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಕೇಳುತ್ತಿದ್ದರು.

ಆ ಧ್ವನಿಯನ್ನು ಅವರು ಒಬ್ಬರಿಗೆ ಕೊಟ್ಟುಬಿಟ್ಟಿದ್ದರು. ಊರಿನ ಅಧ್ಯಕ್ಷರಿಗೆ. ಅಧ್ಯಕ್ಷರು ಪಂಚಾಯಿತಿಯಿಂದ ಇಳಿದು ಎಷ್ಟೋ ವರ್ಷವಾಗಿದ್ದರೂ ಜನರ ಬಾಯಲ್ಲಿ ಅಧ್ಯಕ್ಷರಾಗಿಯೇ ಉಳಿದಿದ್ದರು. ಸಣ್ಣ ಧ್ವನಿಯ ಮನುಷ್ಯ, ನಾಲ್ಕು ಜನರ ಮುಂದೆ ನಿಂತರೆ ಕೆಮ್ಮು ಬರುತ್ತಿತ್ತು. ಹಾಗಾಗಿ ಅವರು ಕಾಕಾನ ಕಿವಿಯಲ್ಲಿ ಹೇಳುವುದು, ಕಾಕಾ ಅದನ್ನು ಊರಿಗೆ ಹೇಳುವುದು. ಕಾಕಾನ ಮಗಳಿಗೆ ಹೆರಿಗೆ ಕಷ್ಟವಾದಾಗ, ಊರಲ್ಲಿ ಒಂದು ಆಸ್ಪತ್ರೆಯಿಲ್ಲದಾಗ, ಹುಬ್ಬಳ್ಳಿಯವರೆಗೆ ಜೀಪು ಓಡಿಸಿದವರು ಇದೇ ಅಧ್ಯಕ್ಷರು. ತಾಯಿ, ಮಗು ಇಬ್ಬರೂ ಉಳಿದರು. "ನಮ್ಮ ಮನ್ಯಾಗ ಇಬ್ಬರು ಉಸಿರಾಡಾಕತ್ತಾರಂದ್ರ ಅವರಿಂದ ರೀ" ಎಂದು ಕಾಕಾ ನನಗೇ ಹೇಳಿದ್ದರು.

ಒಂದು ವರ್ಷ, ಆ ಊರಿಗೆ ಬರಬೇಕಾದ ಸರಕಾರಿ ಆಸ್ಪತ್ರೆ ಬೇರೆ ಊರಿಗೆ ಹೋಗುತ್ತದೆ ಎಂಬ ಸುದ್ದಿ ಹಬ್ಬಿತು. ಅಧ್ಯಕ್ಷರು ಹೋರಾಟ ಸಮಿತಿ ಕಟ್ಟಿದರು. ಅವರಿಗೆ ಆಸ್ಪತ್ರೆ ನಿಜವಾಗಿಯೂ ಬೇಕಿತ್ತು, ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಒಂದು ಸೋಮವಾರ ಊರು ಬಂದ್ ಮಾಡುವುದೆಂದು ಠರಾವಾಯಿತು.

ನಾನು ಶನಿವಾರ ನನ್ನೂರು ಹಿರೇಬೆಂಡಿಗೇರಿಗೆ ಹೋಗಿದ್ದವಳು, ಸೋಮವಾರ ಬೆಳಿಗ್ಗೆ ಹಾನಗಲ್ಲಿನಲ್ಲಿ ಬಸ್ಸು ಹಿಡಿದೆ. ಬಂದ್ ಊರೊಳಗಷ್ಟೇ, ಬಸ್ಸು ದಾಟುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಊರಿನ ಅಗಸೆಬಾಗಿಲ ಹತ್ತಿರ ಬಂದಾಗ ರಸ್ತೆಯ ತುಂಬ ಜನ. ಅಡ್ಡಲಾಗಿ ಒಂದು ಟ್ರ್ಯಾಕ್ಟರು ನಿಂತಿತ್ತು. ಅದರ ಟ್ರೇಲರಿನ ಮೇಲೆ ಅಧ್ಯಕ್ಷರು, ಪಕ್ಕದಲ್ಲಿ ಮೈಕು ಹಿಡಿದ ಕಾಕಾ.

ಕಂಡಕ್ಟರು ಇನ್ನೂ ಎಳೆಯ ವಯಸ್ಸಿನವನು, ಹಂಸಭಾವಿ ಕಡೆಯವನು. ಬಾಗಿಲು ತೆರೆದು ಮೆಟ್ಟಿಲಲ್ಲಿ ನಿಂತು ಕೈಮುಗಿದ. "ಒಳಗ ವಯಸ್ಸಾದಾವ್ರು ಅದಾರ್ರಿ. ಇದೊಂದು ಗಾಡಿ ದಾಟಿಸಿಕೊಡ್ರಿ."

ಜನ ಅವನತ್ತ ನೋಡಲಿಲ್ಲ. ಟ್ರೇಲರಿನತ್ತ ನೋಡಿದರು. ನಾನು ಕಿಟಕಿಯ ಪಕ್ಕದಲ್ಲಿದ್ದೆ. ಅಧ್ಯಕ್ಷರು ಬಾಯಿಗೆ ಕೈ ಅಡ್ಡ ಹಿಡಿದು ಕಾಕಾನ ಕಿವಿಗೆ ಬಾಗಿದರು. ಕಾಕಾ ಒಮ್ಮೆ ಬಸ್ಸನ್ನು ನೋಡಿದರು. ಒಮ್ಮೆ ಜನರನ್ನು ನೋಡಿದರು. ಆಮೇಲೆ ಮೈಕು ಎತ್ತಿದರು.

"ಬಸ್ಸು ದಾಟಬಾರ್ದು. ಏನರ ಆಗ್ಲಿ."

ಚಪ್ಪಾಳೆ ಬಿತ್ತು. ಚಪ್ಪಾಳೆ ಮುಗಿಯುವ ಮೊದಲೇ ಕಲ್ಲು ಬಂದವು. ಎಷ್ಟು ಕೈಗಳಿಂದ ಬಂದವೋ... ಮುಂದಿನ ಗಾಜು ಒಡೆಯಿತು. ಹೆಂಗಸರು ಸೀಟಿನ ಕೆಳಗೆ ತಲೆ ಹುದುಗಿಸಿದರು. ಮೆಟ್ಟಿಲಲ್ಲಿ ನಿಂತಿದ್ದ ಹುಡುಗ ಎರಡೂ ಕೈಯಿಂದ ಮುಖ ಹಿಡಿದುಕೊಂಡು ಒಳಕ್ಕೆ ಬಿದ್ದ. ನಾನು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗು ಒತ್ತಿ ಹಿಡಿದೆ. ಅವನು ಕೂಗಲಿಲ್ಲ. "ಅಕ್ಕೋರ, ಕಣ್ಣು ಐತೇನು ನೋಡ್ರಿ" ಎಂದು ಮೆಲ್ಲಗೆ, ಮತ್ತೆ ಮತ್ತೆ ಕೇಳುತ್ತಿದ್ದ. ನಾನು ಸೆರಗು ಎತ್ತಿ ನೋಡುವ ಧೈರ್ಯ ಮಾಡಲಿಲ್ಲ.

ಎಡಗಣ್ಣು ಹೋಯಿತು.

ಮರುದಿನ ಪೊಲೀಸರು ಕಾಕಾನನ್ನೂ ನಾಲ್ವರು ತರುಣರನ್ನೂ ಕರೆದೊಯ್ದರು. ಊರಿನ ಎಲ್ಲರ ಮೊಬೈಲಿನಲ್ಲೂ ಆ ಧ್ವನಿಯಿತ್ತು, ಅಧ್ಯಕ್ಷರ ಧ್ವನಿ ಯಾವುದರಲ್ಲೂ ಇರಲಿಲ್ಲ. ವಿಚಾರಿಸಿದವರಿಗೆ ಅಧ್ಯಕ್ಷರು "ನಾನು ಶಾಂತವಾಗಿರಲು ಹೇಳಿದ್ದೆ" ಎಂದರಂತೆ. ಅವರನ್ನು ಮನೆಗೆ ಕಳಿಸಿದರು.

ಸಂಜೆ ನನ್ನ ಕೋಣೆಗೆ ಕಾಕಾನ ಹೆಂಡತಿ ಬಂದಳು. ದಿನವೂ ನನಗೆ ಬಿಸಿ ರೊಟ್ಟಿ ಕೊಡುತ್ತಿದ್ದ ಕಾಕು, ಅಂದು ಹೊಸಿಲಲ್ಲೇ ಕುಳಿತಳು. "ನೀವು ಕಿಡಕ್ಯಾಗಿಂದ ನೋಡೀರಿ ಅಂತ ಕೇಳೇನ್ರಿ. ಅವರ ಕಿವ್ಯಾಗ ಅಧ್ಯಕ್ಷರು ಹೇಳಿದ್ದು ನೋಡೀರಿ. ಅಷ್ಟ ಹೇಳ್ರಿ, ಸಾಕು."

ಅವಳು ಹೋದ ಮೇಲೆ ಸಮಿತಿಯ ಇಬ್ಬರು ಬಂದರು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತು ನಯವಾಗಿ ಮಾತಾಡಿದರು. "ಅಕ್ಕೋರ, ನೀವು ಹೊರಗಿನ ಊರಾವ್ರು. ಒಬ್ಬಾಕೆ ಇರ್ತೀರಿ. ನೋಡಿದ್ದೆಲ್ಲಾ ಹೇಳಬೇಕಂತ ಏನೂ ಇಲ್ಲ." ಹೋಗುವಾಗ ನನ್ನ ಬಾಗಿಲಿನ ಚಿಲಕವನ್ನು ಒಬ್ಬಾತ ಸುಮ್ಮನೆ ಒಮ್ಮೆ ಎಳೆದು ನೋಡಿದ, ಗಟ್ಟಿ ಇದೆಯೋ ಇಲ್ಲವೋ ಎಂಬಂತೆ.

ಮುಂಜಾನೆ ಎದ್ದು ಕಾಕುವಿನ ಜೊತೆ ಠಾಣೆಗೆ ಹೋದೆ. ಕಂಡದ್ದನ್ನು ಕಂಡಂತೆ ಹೇಳಿದೆ. ಸಾಹೇಬರು ಕಾಕಾನನ್ನು ಹೊರಗೆ ಕರೆಸಿದರು. ಒಂದು ದಿನದಲ್ಲೇ ಅವರ ಗಡ್ಡ ಬೆಳ್ಳಗೆ ಬಂದಿತ್ತು.

"ಮೈಕು ಎತ್ತೂಕಿಂತ ಮೊದಲ ಅಧ್ಯಕ್ಷರು ನಿನ್ನ ಕಿವ್ಯಾಗ ಏನೋ ಹೇಳಿದ್ರಂತ. ಏನು ಹೇಳಿದ್ರು?"

ಕಾಕಾ ನನ್ನತ್ತ ನೋಡಲಿಲ್ಲ. ಬಾಗಿಲ ಹೊರಗೆ ಕಾಕು ಕುಳಿತಿದ್ದಾಳೆಂದು ಅವರಿಗೆ ಗೊತ್ತಿತ್ತು.

"ನೀರು ಕೇಳಿದ್ರಿ" ಎಂದರು.

"ಮತ್ತ ಆ ಮಾತು?"

"ನಂದ್ರಿ."

ಹೊರಗೆ ಕಾಕು ಸೆರಗು ಮುಖಕ್ಕೆ ಎಳೆದುಕೊಂಡಳು. ಕೆಲ ವಾರಗಳ ನಂತರ ಕಾಕಾ ಜಾಮೀನಿನ ಮೇಲೆ ಮನೆಗೆ ಬಂದಾಗ ಅವಳು ಅವರೊಂದಿಗೆ ಮಾತು ಬಿಟ್ಟಳು. ತಾಟು ಇಡುತ್ತಿದ್ದಳು, ಎದ್ದು ಹೋಗುತ್ತಿದ್ದಳು. ಗೋಡೆಯಾಚೆಯಿಂದ ನನಗೆ ತಾಟಿನ ಸದ್ದಷ್ಟೇ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಕಾಕಾ ಕಟ್ಟೆಯ ಮೇಲೆ ಭೋಂಗಾದ ತುಕ್ಕು ಉಜ್ಜುತ್ತ ಕುಳಿತಿದ್ದರು. ನನಗೆ ತಡೆಯಲಾಗಲಿಲ್ಲ.

"ಅವರು ನೀರು ಕೇಳಿರಲಿಲ್ಲ, ಕಾಕಾ."

"ಇಲ್ರಿ."

"ಮತ್ತ ಯಾಕ ಹಂಗಂದ್ರಿ?"

ಭೋಂಗಾವನ್ನು ಹೊರಳಿಸಿ ಇಟ್ಟರು. "'ಬಸ್ಸು ದಾಟಬಾರ್ದು' ಅಂದ್ರು. ಅಷ್ಟ ಅಂದಿದ್ದು. 'ಏನರ ಆಗ್ಲಿ' ಅನ್ನೂದು ನಂದ್ರಿ. ಅವರು ಒಂದು ಹೇಳಿದ್ರ ನಾ ಯಾವಾಗಲೂ ಒಂದೂವರಿ ಹೇಳ್ತಿದ್ದೆ. ಮಂದಿ ಚಪ್ಪಾಳಿ ಹೊಡೀತಿದ್ರು, ಅವರು ನನ್ನ ಕಡೆ ನೋಡಿ ನಗತಿದ್ರು. ಆ ನಗೀ ಸಲುವಾಗಿ ಕೂಡಸ್ತಿದ್ದೆ, ಅಕ್ಕೋರ. ಕಲ್ಲು ಎದ್ದಿದ್ದು ನಾ ಕೂಡಿಸಿದ ಮಾತಿಗೆ."

"ಅವರು ಪಕ್ಕದಾಗ ನಿಂತಿದ್ರು. ಬ್ಯಾಡ ಅನ್ನಬಹುದಿತ್ತು."

"ಅನ್ನಲಿಲ್ಲ. ಅದು ಅವರ ಪಾಲು. ಠಾಣೇದಾಗ ಯಾರ ಪಾಲು ಎಷ್ಟು ಅಂತ ಕೇಳೂದಿಲ್ರಿ, ಒಂದ ಹೆಸರು ಕೇಳ್ತಾರ. ಅವರ ಹೆಸರು ಹೇಳಿದ್ರ ನಂದು ತೊಳಕೊಂಡು ಹೋಕ್ಕಿತ್ತು. ನನಗದು ಸರಿ ಅನಸಲಿಲ್ಲ."

"ಸುಳ್ಳು ಹೇಳಿ ಅವರದನ್ನೂ ಹೊತ್ತುಕೊಂಡ್ರಿ. ಅದು ಸರಿ ಏನು? ಆ ಹುಡುಗನ ಕಣ್ಣಿಗೆ ಅದರಿಂದ ಏನು ನ್ಯಾಯ ಸಿಕ್ತು?"

ಕಾಕಾ ಅರಿವೆಯನ್ನು ಹಿಂಡಿ ಮತ್ತೆ ಉಜ್ಜತೊಡಗಿದರು. ಠಾಣೆಯಲ್ಲಿ ಅವರ ಬಾಯಿ ಕಟ್ಟಿದ್ದು ತಪ್ಪಿನ ಅರಿವೋ, ಹುಬ್ಬಳ್ಳಿಗೆ ಓಡಿದ ಜೀಪಿನ ಋಣವೋ... ನನಗೆ ಇಂದಿಗೂ ಬಗೆಹರಿದಿಲ್ಲ. ಅವರಿಗೂ ಬಗೆಹರಿದಿತ್ತೋ ಇಲ್ಲವೋ.

ಮರುವರ್ಷ ಆಸ್ಪತ್ರೆ ಊರಿಗೇ ಬಂತು. ಅಧ್ಯಕ್ಷರಿಗೆ ಸನ್ಮಾನವೆಂದು ನಿಶ್ಚಯವಾಯಿತು. ಕಾಕಾ ಜೈಲಿನಲ್ಲಿದ್ದಾಗ ಒಮ್ಮೆಯೂ ನೋಡಲು ಹೋಗದಿದ್ದ ಅಧ್ಯಕ್ಷರು ಈಗ ತಾವೇ ಮನೆಗೆ ಬಂದರು. ನಾನು ನಡುವಿನ ಗಿಡ್ಡ ಗೋಡೆಯ ಈಚೆ ಬಟ್ಟೆ ಒಣಹಾಕುತ್ತಿದ್ದೆ. ಅವರು ಕಟ್ಟೆಯ ಮೇಲೆ ಕುಳಿತು ಕಾಕಾನ ಭುಜದ ಮೇಲೆ ಕೈಯಿಟ್ಟರು. "ನಿನ್ನ ಧ್ವನಿ ಇಲ್ಲದ ಸಭಾ ನನಗ ಸಭಾ ಅನಸೂದಿಲ್ಲ. ಆಗಿದ್ದು ಆಗಿಹೋತು. ಬಾ." ಕಾಕು ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕೊಡಲೂ ಇಲ್ಲ, ಒಳಗೆ ಹೋಗಲೂ ಇಲ್ಲ.

"ಬರ್ತೇನ್ರಿ" ಎಂದರು ಕಾಕಾ.

ಸಭೆಯ ದಿನ ಶಾಲೆಯ ಮಕ್ಕಳನ್ನು ಸಾಲಾಗಿ ಕೂರಿಸಿ ನಾನು ಪಕ್ಕದಲ್ಲಿ ನಿಂತಿದ್ದೆ. ಶಾಲು ಹೊದಿಸಿದರು, ಹಾರ ಹಾಕಿದರು. ಅಧ್ಯಕ್ಷರು ಎರಡು ಮಾತಾಡುವಷ್ಟರಲ್ಲಿ ಕೆಮ್ಮು ಬಂತು. ರೂಢಿಯಂತೆ ಕಾಕಾನನ್ನು ಹತ್ತಿರ ಕರೆದು ಕಿವಿಗೆ ಬಾಗಿದರು. ಕಾಕಾ ಮೈಕು ಎತ್ತಿದರು. ಭೋಂಗಾಗಳು ಗುಂಯ್ ಎನ್ನುತ್ತಿದ್ದವು. ಜನ ಒಬ್ಬರ ಮುಖ ಒಬ್ಬರು ನೋಡಿದರು.

"ಅಧ್ಯಕ್ಷರು ಈಗ ಏನು ಹೇಳಿದ್ರು, ಅಷ್ಟ ಹೇಳ್ತೇನಿ. ಒಂದು ಮಾತೂ ಕೂಡಸೂದಿಲ್ಲ" ಎಂದರು. "'ಅವತ್ತು ಯಾರೋ ಕಿಡಿಗೇಡಿಗಳು ಕಲ್ಲು ಒಗದು ನಮ್ಮ ಹೋರಾಟಕ್ಕ ಕೆಟ್ಟ ಹೆಸರು ತಂದ್ರು.' ಇದು ಈಗ ಹೇಳಿದ್ದು. ಅವತ್ತು ಹೇಳಿದ್ದು, 'ಬಸ್ಸು ದಾಟಬಾರ್ದು.' ನೀರು ಕೇಳಿದ್ರು ಅಂತ ಠಾಣೇದಾಗ ನಾ ಹೇಳಿದ್ದು ಸುಳ್ಳು. 'ಏನರ ಆಗ್ಲಿ' ಅಂತ ಕೂಡಿಸಿದಾಂವ ನಾನು. ಕಲ್ಲು ಒಗದಾವ್ರು ಇಲ್ಲೇ ಕುಂತೀರಿ, ನಿಮ್ಮ ನಿಮ್ಮ ಕೈ ನಿಮಗ ಗೊತ್ತೈತಿ. ಕಿಡಿಗೇಡಿಗಳು ಹೊರಗಿಂದ ಯಾರೂ ಬಂದಿರಲಿಲ್ಲ. ನಾವ..."

ಅಷ್ಟರಲ್ಲಿ ಯಾರೋ ವಾಯರು ಕಿತ್ತರು. ಕಾಕಾ ಮಾತು ನಿಲ್ಲಿಸಲಿಲ್ಲ. ಆದರೆ ಮೈಕಿಲ್ಲದ ಆ ಧ್ವನಿ ವಯಸ್ಸಾದ ಒಬ್ಬ ಮನುಷ್ಯನ ಧ್ವನಿಯಾಗಿತ್ತು, ಮೂರನೆಯ ಸಾಲಿನಾಚೆ ತಲುಪಲಿಲ್ಲ. ಕೊನೆಗೆ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಮುಂದೆ ಕುಳಿತವರು ತಲೆ ತಗ್ಗಿಸಿದ್ದಷ್ಟೇ ಕಂಡಿತು.

ಹತ್ತಾರು ಜನ ವೇದಿಕೆಗೆ ನುಗ್ಗಿದರು. ಒಬ್ಬ ಕಾಕಾನ ಅಂಗಿಯ ಕೊರಳಪಟ್ಟಿ ಹಿಡಿದ, ಇನ್ನೊಬ್ಬ ಕೈ ಎತ್ತಿದ. ನನ್ನ ಪಕ್ಕದ ಮಕ್ಕಳು ಅಳತೊಡಗಿದರು.

"ಬಿಡ್ರಪಾ. ಹೊಡೀಬ್ಯಾಡ್ರಿ."

ಅಧ್ಯಕ್ಷರ ಮಾತು. ಮೈಕಿರಲಿಲ್ಲ, ಅವರ ಧ್ವನಿಯೂ ಸಣ್ಣದೇ. ಆದರೂ ಎತ್ತಿದ ಕೈಗಳೆಲ್ಲ ಇದ್ದಲ್ಲೇ ನಿಂತವು. ಅವರು ಬೇಡವೆಂದರೆ ಕೈಗಳು ನಿಲ್ಲುತ್ತವೆ ಎಂಬುದನ್ನು ಅಂದು ಇಡೀ ಊರು ಕಣ್ಣಾರೆ ಕಂಡಿತು. ಅಧ್ಯಕ್ಷರಿಗೂ ಅದು ಆ ಗಳಿಗೆಯಲ್ಲೇ ತಿಳಿಯಿತೆಂದು ಕಾಣುತ್ತದೆ. ಅವರ ಮುಖ ಬೂದಿಯಂತಾಯಿತು. ಶಾಲನ್ನು ಕುರ್ಚಿಯ ಮೇಲೆ ಬಿಟ್ಟು, ಯಾರನ್ನೂ ನೋಡದೆ ಇಳಿದು ನಡೆದರು.

ಕಾಕಾ ಮನೆಗೆ ಬಂದಾಗ ಕಾಕು ಬಾಗಿಲಲ್ಲಿ ನೀರು ಹಿಡಿದು ನಿಂತಿದ್ದಳು. "ಕೈಕಾಲು ತೊಳಕೋರಿ, ಉಣ್ಣಾಕ ನೀಡ್ತೇನಿ" ಎಂದಳು. ಅಷ್ಟು ತಿಂಗಳ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ಮಾತು ಅದು.

ಆಮೇಲೆ ಊರು ಅವರನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಕರೆಯುವುದನ್ನು ಬಿಟ್ಟಿತು. ಮದುವೆಗಳಿಗೆ ಹಾನಗಲ್ಲಿನಿಂದ ಬೇರೆ ಮೈಕ್‌ಸೆಟ್ಟು ಬರತೊಡಗಿತು. ಕೇಸು ವರ್ಷಗಟ್ಟಲೆ ನಡೆಯಿತು. ಕಲ್ಲು ಯಾರ ಕೈಯದೆಂದು ಯಾರೂ ಹೇಳಲಿಲ್ಲ, ಕೊನೆಗೆ ಅದು ಹಾಗೆಯೇ ಮುಗಿಯಿತು. ಅಷ್ಟರಲ್ಲಿ ಗಂಡಹೆಂಡಿರು ಸವಣೂರಿನಲ್ಲಿದ್ದ ಮಗಳ ಮನೆಗೆ ಹೋಗಿದ್ದರು. ನನಗೂ ಶಿಗ್ಗಾಂವಿಗೆ ವರ್ಗವಾಯಿತು. ಸವಣೂರು ಅಲ್ಲಿಂದ ಏನು ದೂರ! ಇವತ್ತು ಹೋಗೋಣ, ಬರುವ ಭಾನುವಾರ ಹೋಗೋಣ ಎನ್ನುತ್ತಲೇ ಇದ್ದೆ... ಕಾಕಾ ತೀರಿಕೊಂಡ ಸುದ್ದಿ ಬಂದಾಗ ಮಣ್ಣಾಗಿ ಎಷ್ಟೋ ದಿನವಾಗಿತ್ತು.

ಬೀಳ್ಕೊಡುಗೆಯ ಮರುವಾರ ಹಿರೇಕೆರೂರಿನಲ್ಲಿ ಒಂದು ಮದುವೆಯಿತ್ತು. ಅಲ್ಲಿಂದ ವಿಚಾರಿಸಿಕೊಂಡು ಹಂಸಭಾವಿಗೆ ಹೋದೆ. ಕಂಡಕ್ಟರಿಗೆ ಈಗ ಟಿಕೆಟ್ ಚೀಲವಿಲ್ಲ, ಕುಳಿತು ಮಾಡುವ ಕೆಲಸ ಕೊಟ್ಟಿದ್ದಾರೆ. ತಲೆಯಲ್ಲಿ ನರೆ ಬಂದಿದೆ. ನನ್ನನ್ನು ಗುರುತಿಸಲು ಮುಖವನ್ನು ಪೂರ್ತಿ ಹೊರಳಿಸಿ ನೋಡಿದ. ಕಾಕಾ ಹೋದ ಸುದ್ದಿ ಅವನಿಗೆ ನನಗಿಂತ ಮೊದಲೇ ತಲುಪಿತ್ತು.

"ಸವಣೂರಿಂದ ಬರ್ತಿದ್ರಿ ಅವರು" ಎಂದ. "ಮೊದಲನೇ ಸಲ ಬಂದಾಗ ನಮ್ಮವ್ವ ಬಾಗಿಲಾ ಹಾಕಿದ್ಲು. ಹೊರಗ ಕುಂತು ಎದ್ದು ಹ್ವಾದ್ರು. ಮತ್ತ ಬಂದ್ರು. ಆಮ್ಯಾಲ ಅವ್ವನೇ ಒಳಗ ಕರದ್ಲು. ಬರ್ತಿದ್ರು, ಕುಂದರ್ತಿದ್ರು, ಚಾ ಕುಡೀತಿದ್ರು, ಹೋಗ್ತಿದ್ರು."

"ಕ್ಷಮಾ ಮಾಡು ಅಂತ ಕೇಳಿದ್ರಾ?"

"ಒಮ್ಮಿನೂ ಅನ್ನಲಿಲ್ರಿ. ಅವರು ಕೇಳ್ಲಿ ಅಂತ ನಾ ಸುಮ್ಮನಿರ್ತಿದ್ದೆ. ಅವರು ಯಾಕ ಸುಮ್ಮನಿರ್ತಿದ್ರೋ."

"ಕೇಳಿದ್ರ ಮಾಡ್ತಿದ್ದ್ಯಾ?"

ಒಳಗೆ ಅವನ ತಾಯಿ ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದ್ದು ತಿಳಿಯಿತು.

"ಗೊತ್ತಿಲ್ರಿ ಅಕ್ಕೋರ" ಎಂದ. "ಅವರು ಕೇಳಿದ್ರ ನನಗೂ ಗೊತ್ತಾಕ್ಕಿತ್ತು."