ಕೂತಾಗ ಚುಚ್ಚದ ಹೋಲ್ಸ್ಟರ್

ಗಡಹಿಂಗ್ಲಜದಲ್ಲಿ ನಮ್ಮದೊಂದು ಸಣ್ಣ ಬಂಗಾರದ ಅಂಗಡಿ. ಕೊಲ್ಲಾಪುರದಿಂದ ಮಾಲು ತರುವುದು, ತಯಾರಾದ ಒಡವೆಗಳನ್ನು ಇಚಲಕರಂಜಿಯ ಗಿರಾಕಿಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಒಂದು ಸಂಜೆ ಕಾಗಲ್ ದಾಟಿದ ಮೇಲೆ ಒಂದು ಮೋಟರ್ ಸೈಕಲ್ ನನ್ನ ಕಾರಿನ ಬೆನ್ನು ಹತ್ತಿತು. ನಾನು ನಿಧಾನ ಮಾಡಿದರೆ ಅದೂ ನಿಧಾನ, ನಾನು ಓಡಿಸಿದರೆ ಅದೂ ಓಟ. ಕೊನೆಗೆ ಜನ ತುಂಬಿದ್ದ ಧಾಬಾ ಒಂದರ ಮುಂದೆ ಕಾರು ನಿಲ್ಲಿಸಿ ಚಹಾ ಕುಡಿಯುತ್ತ ಕೂತೆ. ಮೋಟರ್ ಸೈಕಲ್ಲಿನವರು ಮುಂದೆ ಹೋದರು. ಏನೂ ಆಗಲಿಲ್ಲ, ಆದರೆ ಆ ಚಹಾದ ರುಚಿ ಮಾತ್ರ ನನಗೆ ಗೊತ್ತಾಗಲಿಲ್ಲ. ಆಮೇಲೆ ಪರಿಚಯದ ಪೊಲೀಸ್ ಅಧಿಕಾರಿಯೊಬ್ಬರ ಸಲಹೆಯಂತೆ ಅರ್ಜಿ ಹಾಕಿದೆ. ಬಹಳ ಓಡಾಟದ ನಂತರ ರಿವಾಲ್ವರಿನ ಲೈಸೆನ್ಸ್ ಬಂತು.

ನಾವು ಜೈನರು. ನಮ್ಮ ಅವ್ವ ಹೊತ್ತು ಮುಳುಗಿದ ಮೇಲೆ ಊಟ ಮಾಡುವವಳಲ್ಲ. ಕಸ ಗುಡಿಸುವಾಗ ಇರುವೆಗಳಿಗೆ ದಾರಿ ಬಿಟ್ಟು ಗುಡಿಸುವವಳು. ಅಂಥವಳ ಮುಂದೆ ಆ ವಸ್ತುವನ್ನು ತಂದಿಟ್ಟಾಗ ಅವಳು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು.

"ಇದರ‍್ಲೆ ಯಾರನ್ನ ಹೊಡೀತೀ?"

"ಯಾರನ್ನೂ ಇಲ್ಲವ್ವ."

"ಹಂಗಾರ ಯಾಕ ತಂದಿ?"

"ಜೋಡಿ ಇರಲಿ ಅಂತ. ಧೈರ್ಯಕ್ಕ."

ಅವಳು ಕನ್ನಡಕ ತೆಗೆದಳು. "ಕಬ್ಬಿಣ ಐತಿ, ಇರಲಿ. ಆದ್ರ ತೊಗಲಿನ ಚೀಲದಾಗ ಇಟಗೊಂಡು ಮನಿಯೊಳಗ ಬರಬ್ಯಾಡ," ಎಂದಳು. ನಮ್ಮ ಮನೆಯಲ್ಲಿ ಚರ್ಮದ ಪಟ್ಟಿಯಿಲ್ಲ, ಚರ್ಮದ ಪಾಕೀಟಿಲ್ಲ. ಊರೆಲ್ಲ ಕೊಲ್ಲಾಪುರಿ ಚಪ್ಪಲಿ ಮೆಟ್ಟಿ ಕರಕರ ಸದ್ದು ಮಾಡುತ್ತ ಓಡಾಡಿದರೆ ನಾವು ರಬ್ಬರಿನ ಚಪ್ಪಲಿಯಲ್ಲಿ ಸದ್ದಿಲ್ಲದೆ ನಡೆಯುವವರು.

ಕೈಬಂದೂಕನ್ನು ಹೊರಗೆ ಒಯ್ಯುವುದಾದರೆ ಅದು ಹೋಲ್ಸ್ಟರ್ ಎಂಬ ಒರೆಯಲ್ಲಿ ಇರಬೇಕು, ಯಾರ ಕಣ್ಣಿಗೂ ಬೀಳಬಾರದು. ಅಂದರೆ ಪ್ಯಾಂಟಿನ ಸೊಂಟದೊಳಗೆ ಸಿಕ್ಕಿಸಿಕೊಂಡು ಮೇಲೆ ಅಂಗಿ ಬಿಟ್ಟುಕೊಳ್ಳಬೇಕು. ಕೊಲ್ಲಾಪುರದ ಬಂದೂಕಿನ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯ ಮುದುಕ ಮಾಲಕ ಒಂದಾದ ಮೇಲೊಂದು ಚರ್ಮದವನ್ನೇ ತೆಗೆದಿಟ್ಟ. ಚರ್ಮ ಬೇಡ ಎಂದಾಗ ಕೆಳಗಿನ ಕಪಾಟಿನಿಂದ ನೈಲಾನಿನ ಮೆತ್ತನೆಯ ಚೀಲವೊಂದನ್ನು ಹುಡುಕಿ ಕೊಟ್ಟ. ಅಂಗಡಿಯ ಕನ್ನಡಿಯ ಮುಂದೆ ಹೊಟ್ಟೆಯ ಬಲಭಾಗಕ್ಕೆ ಸಿಕ್ಕಿಸಿ ನೋಡಿದೆ. ಅಂಗಿ ಇಳಿಬಿಟ್ಟರೆ ಏನೂ ಕಾಣಲಿಲ್ಲ. ಖುಷಿಯಿಂದ ತಂದೆ. ಅಂಗಡಿಯಲ್ಲಿ ನಾನು ನಿಂತಿದ್ದೆ, ಒಮ್ಮೆಯೂ ಕೂತು ನೋಡಿರಲಿಲ್ಲ.

ಅದರ ಪರಿಣಾಮ ಗೊತ್ತಾದದ್ದು ಇಚಲಕರಂಜಿಯ ಅಕ್ಕನ ಮನೆಯಲ್ಲಿ. ಅಲ್ಲಿ ಅಕ್ಕನ ಗಂಡನದು ಮಗ್ಗದ ಕಾರಖಾನೆ. ಅವರನ್ನು ನಾವೆಲ್ಲ ದಾಜಿ ಎನ್ನುತ್ತೇವೆ. ಒಡವೆ ಕೊಡಲು ಹೋದಾಗ ಮಧ್ಯಾಹ್ನದ ಊಟ ಅವರ ಮನೆಯಲ್ಲೇ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ. ಆ ದಿನ ದಾಜಿಯ ಜೊತೆ ಅವರ ಜಾಬರ್, ಅಂದರೆ ಮಗ್ಗಗಳ ರಿಪೇರಿ ನೋಡಿಕೊಳ್ಳುವ ಬಾಗಲಕೋಟೆ ಕಡೆಯವನೂ ಊಟಕ್ಕಿದ್ದ. ಹಾಗಾಗಿ ಸೊಂಟದಲ್ಲಿ ಇರುವುದನ್ನು ಬಾಯಿ ಬಿಟ್ಟು ಹೇಳುವಂತಿರಲಿಲ್ಲ.

ನಾನು ಕೂತೆ. ರಿವಾಲ್ವರಿನ ಹಿಡಿ ಪಕ್ಕೆಲುಬಿಗೆ ತಿವಿಯಿತು, ನಳಿಗೆ ತೊಡೆಯ ಸಂದಿಗೆ ಒತ್ತಿತು. ಎಡಕ್ಕೆ ವಾಲಿದೆ. ಮೆತ್ತಗಿನ ಚೀಲ ಮಡಚಿಕೊಂಡು ಇನ್ನೊಂದು ಕಡೆ ಚುಚ್ಚಿತು. ಒಂದು ಕಾಲು ಚಾಚಿದೆ, ಮತ್ತೆ ಮಡಚಿದೆ. ಕೊನೆಗೆ ಮೊಣಕಾಲೂರಿ, ಅರ್ಧ ಎದ್ದವನ ಹಾಗೆ ನಿಂತು ರೊಟ್ಟಿ ಮುರಿದೆ.

ದಾಜಿ ನನ್ನನ್ನೇ ನೋಡುತ್ತಿದ್ದರು. ಕಿವಿಯ ಹತ್ತಿರ ಬಂದು ಕೇಳಿದರು, "ಯಾವಾಗಿಂದ ಐತಿ ಇದು?"

"ಈಗ ಒಂದು ತಿಂಗಳಾತ್ರಿ," ಎಂದೆ. ಅವರಿಗೆ ಹೇಗೋ ಗೊತ್ತಾಗಿದೆ ಎಂದುಕೊಂಡೆ.

"ರಕ್ತ ಹೊಂಟೈತೇನು?"

ಆಗ ನನಗೆ ತಿಳಿಯಿತು. ದಾಜಿ ನನಗೆ ಮೂಲವ್ಯಾಧಿ ಎಂದು ತೀರ್ಮಾನಿಸಿದ್ದರು. ಜಾಬರನ ಎದುರಿಗೆ ಏನು ಹೇಳಲಿ? "ಇಲ್ರಿ, ಅಷ್ಟೇನಿಲ್ಲ," ಎಂದೆ. ದಾಜಿಯ ಪಿಸುಮಾತು ಎಲ್ಲರಿಗೂ ಕೇಳಿಸಿತ್ತು. ಅಕ್ಕ ನನ್ನ ತಾಟಿನಿಂದ ಖಾರದ ಬದನೆಕಾಯಿ ಎಣಗಾಯಿಯನ್ನು ತೆಗೆದು ಮಜ್ಜಿಗೆ ಅನ್ನ ಹಾಕಿದಳು. ಜಾಬರ್ ಬಹಳ ಕಾಳಜಿಯಿಂದ, "ಮೂಲಂಗಿ ರಸ ಕುಡೀರಿ ಸಾಹುಕಾರ್ರ, ನಮ್ಮ ಕಾಕಾಗ ಭಾಳ ಛಲೋ ಆಗೇತಿ," ಎಂದ. ಅವರು ಮೂವರೂ ಎಣಗಾಯಿ ತಿಂದು ಮೂಗು ಒರೆಸಿಕೊಳ್ಳುತ್ತಿದ್ದರೆ ನಾನು ಮೊಣಕಾಲ ಮೇಲೆ ನಿಂತು ಸಪ್ಪೆ ಅನ್ನ ಉಂಡೆ.

ನಾನು ಮನೆ ಮುಟ್ಟುವ ಮೊದಲೇ ಅಕ್ಕನ ಫೋನು ಮುಟ್ಟಿತ್ತು. ಬಾಗಿಲು ತೆಗೆದ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಇದು ಮೂಲವ್ಯಾಧಿಯಲ್ಲ, ರಿವಾಲ್ವರಿನ ಕಾಟ ಎಂದು ಅವಳಿಗೆ ಗೊತ್ತಿತ್ತು. ನಕ್ಕು ಸಾಕಾದ ಮೇಲೆ, "ಅದನ್ನ ಖಾಲಿ ಮಾಡಿ ತರ‍್ರಿ, ನೋಡೂನು," ಎಂದಳು. ಗುಂಡುಗಳನ್ನು ತೆಗೆದು ಬೇರೆ ಕಪಾಟಿಗೆ ಹಾಕಿ ಕೀಲಿ ಜಡಿದು, ಖಾಲಿ ಇರುವುದನ್ನು ಅವಳಿಗೂ ತೋರಿಸಿದೆ. ಅವಳು ನನ್ನನ್ನು ಕೂರಿಸಿದಳು, ಏಳಿಸಿದಳು, ಬಗ್ಗಿಸಿದಳು. ಆಮೇಲೆ ಹೇಳಿದಳು, "ಚೀಲಾನೂ ಸರಿ ಇಲ್ಲ, ಜಾಗಾನೂ ಸರಿ ಇಲ್ಲ. ಪ್ಯಾಂಟೂ ಬಿಗಿ ಆಗೇತಿ. ನೀವು ಒಬ್ರ ಹೋಗಿ ತಂದ್ರ ಹಿಂಗ ಆಕ್ಕೈತಿ. ನಾನೂ ಬರ್ತೇನಿ."

ಮುಂದಿನ ಸಲ ಕೊಲ್ಲಾಪುರಕ್ಕೆ ಇಬ್ಬರೂ ಹೋದೆವು. ಅಂಗಡಿಯಲ್ಲಿ ಹಲಕರ್ಣಿ ಕಡೆಯ ರೈತರೊಬ್ಬರು ಕೂತಿದ್ದರು. ಮಿಲಿಟರಿಯಿಂದ ನಿವೃತ್ತರಾಗಿ ಕಬ್ಬು ಬೆಳೆಯುವವರು, ಹೊಟ್ಟೆ ನನಗಿಂತ ಎರಡು ಪಾಲು. ನನ್ನ ಹೆಂಡತಿ ಮಾಲಕನಿಗೆ ಮರಾಠಿಯಲ್ಲಿ ನೇರವಾಗಿ ಕೇಳಿದಳು, ಇಲ್ಲಿ ಹಾಸಲು ಚಾಪೆ ಇದೆಯೇ ಎಂದು. ಅವನು ಗಾಬರಿಯಾಗಿ ಯಾಕೆ ಎಂದ. "ಇವರು ಕುಂತು ಉಣ್ಣೂದನ್ನ ನೋಡಬೇಕು" ಎಂದಳು, ಅದನ್ನೂ ಮರಾಠಿಯಲ್ಲೇ. ಮುದುಕ ಒಳಗಿನಿಂದ ತನ್ನ ಮಧ್ಯಾಹ್ನದ ನಿದ್ದೆಯ ಚಾಪೆಯನ್ನೇ ತಂದು ಹಾಸಿದ.

ಖಾಲಿ ರಿವಾಲ್ವರಿನೊಂದಿಗೆ ನನ್ನ ಪರೀಕ್ಷೆ ಶುರುವಾಯಿತು. ಬಟ್ಟೆಯ ಪಟ್ಟಿಯೊಂದನ್ನು ಹೊಟ್ಟೆಗೆ ಸುತ್ತಿ ಕೂತೆ. ಅದು ಸುರುಳಿಯಾಗಿ ಎದೆಗೆ ಬಂತು. ಇನ್ನೊಂದನ್ನು ಬೆನ್ನ ಹಿಂದೆ ನಡುವಿಗೆ ಸಿಕ್ಕಿಸಿ ಕುರ್ಚಿಗೆ ಒರಗಿದೆ. ಬೆನ್ನುಮೂಳೆಗೆ ಒತ್ತಿ ತಕ್ಷಣ ಎದ್ದೆ. ಗಟ್ಟಿ ಪ್ಲಾಸ್ಟಿಕ್ಕಿನ ಒಂದಿತ್ತು. ನನ್ನ ರಿವಾಲ್ವರಿನ ಆಕಾರಕ್ಕೇ ಎರಕ ಹೊಯ್ದದ್ದು. ಅದರಲ್ಲಿ ಇಟ್ಟರೆ ಟ್ರಿಗರ್ ಪೂರ್ತಿ ಮುಚ್ಚುತ್ತಿತ್ತು, ಬೆರಳು ಹೋಗಲು ಸಂದಿಯೇ ಇರಲಿಲ್ಲ. ಹೆಂಡತಿ ಅದನ್ನು ತಲೆಕೆಳಗು ಮಾಡಿ ಚಾಪೆಯ ಮೇಲೆ ಝಾಡಿಸಿದಳು. ರಿವಾಲ್ವರ್ ಬೀಳಲಿಲ್ಲ. ಹೊರತೆಗೆದ ಮೇಲೂ ಹೋಲ್ಸ್ಟರಿನ ಬಾಯಿ ಮುದುಡಲಿಲ್ಲ. ಆದರೆ ಹೊಟ್ಟೆಯ ಮುಂದೆ ಹಾಕಿ ಕೂತಾಗ ಮತ್ತೆ ಅದೇ ತಿವಿತ.

ಆಗ ಹಲಕರ್ಣಿಯವರು ಎದ್ದು ಬಂದರು. "ಅಣ್ಣಾರ, ಹೊಟ್ಟಿ ಇದ್ದವರು ಮುಂದ ಹಾಕಬಾರದ್ರಿ. ನನ್ನ ಅನುಭವದ ಮಾತು. ಟೊಂಕದ ಎಲುವು ದಾಟಿ ಒಂಚೂರು ಹಿಂದಕ್ಕ ಸರಸ್ರಿ. ಹಿಡಿ ಮುಂದಕ್ಕ ಬಾಗಲಿ." ಕ್ಲಿಪ್ಪಿನ ಸ್ಕ್ರೂ ಸಡಿಲಿಸಿ ಕೋನ ಬದಲಿಸಿದರು. ಸೊಂಟದೆಲುಬಿನ ಹಿಂದೆ ಮೆತ್ತಗಿನ ತಗ್ಗು ಇರುತ್ತದಲ್ಲ, ಅಲ್ಲಿ ಅದು ಸರಿಯಾಗಿ ಕೂತುಕೊಂಡಿತು.

ಚಕ್ಕಳಮಕ್ಕಳ ಹಾಕಿದೆ. ಏನೂ ಚುಚ್ಚಲಿಲ್ಲ. ಬಗ್ಗಿ, ಇಲ್ಲದ ತಾಟಿನಿಂದ ಇಲ್ಲದ ತುತ್ತು ಎತ್ತಿದೆ. ಮುದುಕ ಮಾಲಕ ಪಕ್ಕದಲ್ಲಿ ಕೂತು, "ಆಣಖೀ ಏಕ್ ಭಾಕರೀ ಘ್ಯಾ," ಇನ್ನೊಂದು ರೊಟ್ಟಿ ತಗೊಳ್ಳಿ, ಎಂದು ಇಲ್ಲದ ರೊಟ್ಟಿ ಬಡಿಸಿದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನಿಗೂ ಈ ಆಟ ಹಿಡಿಸಿರಬೇಕು, ಚಹಾ ತರಿಸಿದ. ಅದನ್ನೂ ಚಾಪೆಯ ಮೇಲೆಯೇ ಕುಡಿದೆ.

ಒಂದಿಂಚು ಸಡಿಲ ಇರುವ ಪ್ಯಾಂಟು ಹೊಲಿಸಿದ್ದಾಯಿತು. ದಪ್ಪ ಕ್ಯಾನ್ವಾಸಿನ ಪಟ್ಟಿ ಬಂತು. ಮೈಗೆ ತಗಲುವ ಕಡೆ ಬೆವರು ಹೀರಲೆಂದು ಹೆಂಡತಿ ಹತ್ತಿಯ ಅರಿವೆ ಅಂಟಿಸಿದಳು. ಅವ್ವ ಉಗುರಿನಿಂದ ಹೋಲ್ಸ್ಟರನ್ನು ಟಕಟಕ ಬಡಿದು ನೋಡಿ, ತೊಗಲಲ್ಲ ಎಂದು ಖಾತ್ರಿ ಮಾಡಿಕೊಂಡು ಒಳಗೆ ಬಿಟ್ಟಳು.

ಇಷ್ಟಾದ ಮೇಲೆ ದಾಜಿಗೆ ನಿಜ ಹೇಳದಿದ್ದರೆ ನನಗೆ ಜೀವನವಿಡೀ ಎಣಗಾಯಿ ಸಿಗುವಂತಿರಲಿಲ್ಲ. ಮುಂದಿನ ಸಲ ಹೋದಾಗ ಅವರನ್ನು ಒಬ್ಬರನ್ನೇ ಮಾಳಿಗೆಗೆ ಕರೆದು ಎಲ್ಲ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಮುಖ ಸಣ್ಣದಾಯಿತು.

"ಹಂಗಾರ ನಿನಗ ಏನೂ ಇಲ್ಲ?"

"ಇಲ್ರಿ ದಾಜಿ."

ಅವರು ಕಿಟಕಿಯ ಕಡೆ ನೋಡಿದರು. ಕೆಳಗೆ ಮಗ್ಗಗಳು ಖಟಖಟ ಬಡಿಯುತ್ತಿದ್ದವು. "ನನಗ ಐತಿ," ಎಂದರು. "ಎರಡು ವರ್ಷದಿಂದ. ನಿಮ್ಮ ಅಕ್ಕಗೂ ಹೇಳಿಲ್ಲ. ನಿನಗೂ ಐತಿ ಅಂದಾಗ ಒಂದೀಟು ಸಮಾಧಾನ ಆಗಿತ್ತು. ಇಬ್ರೂ ಕೂಡಿ ಡಾಕ್ಟರ್ ಕಡೆ ಹೋಗೂನು ಅಂತ ಮಾಡಿದ್ದೆ."

ಅಂದು ಅವರು ಎಣಗಾಯಿ ತಿಂದು ಮೂಗು ಒರೆಸಿಕೊಂಡದ್ದು ಖಾರಕ್ಕಲ್ಲ, ಮುಂದೆ ಬರುವ ನೋವನ್ನು ನೆನೆದು ಇದ್ದರೂ ಇರಬಹುದು ಅನಿಸಿತು. "ಅದಕ್ಕೇನ್ರಿ, ಈಗೂ ಇಬ್ರೂ ಕೂಡೇ ಹೋಗೂನು," ಎಂದೆ.

ಮರುವಾರ ರಿವಾಲ್ವರನ್ನು ಮನೆಯ ಕಪಾಟಿನಲ್ಲೇ ಬಿಟ್ಟು ದಾಜಿಯನ್ನು ಕೊಲ್ಲಾಪುರಕ್ಕೆ ಕರೆದೊಯ್ದೆ. ಡಾಕ್ಟರು ಇದೇನು ದೊಡ್ಡ ವಿಷಯವಲ್ಲ ಎಂದರು, ಸಣ್ಣದೊಂದು ಆಪರೇಶನ್ ಮಾಡಿ ಮರುದಿನವೇ ಮನೆಗೆ ಕಳಿಸಿದರು. ಅಕ್ಕ ಮೊದಲು ಇಬ್ಬರನ್ನೂ ಬೈದಳು, ಆಮೇಲೆ ಕೂತು ಅತ್ತಳು, ಆಮೇಲೆ ಮಜ್ಜಿಗೆ ಅನ್ನ ಕಲಸಿದಳು. ಈ ಸಲ ಅದು ಸರಿಯಾದ ತಾಟಿಗೆ ಬಿತ್ತು. ತಿಂಗಳೊಪ್ಪತ್ತಿನಲ್ಲಿ ದಾಜಿ ಕಾರಖಾನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತು ಫೋನಿನಲ್ಲಿ ನೂಲಿನ ವ್ಯಾಪಾರಿಯ ಜೊತೆ ಜೋರಾಗಿ ಜಗಳ ಆಡುತ್ತಿದ್ದರು. ನನ್ನನ್ನು ನೋಡಿ ಫೋನು ಕೆಳಗಿಟ್ಟು, ಚಹಾ ಹೇಳಿದರು.