‘ಬರ್ತೇನಿ’ ಅನ್ನದೆ ಹೊರಟ ಮುಂಜಾನೆ

ಮೋಟಾರು ಬಿಟ್ಟು ಎಷ್ಟೋ ವರ್ಷವಾದರೂ ಜನ ನನ್ನನ್ನು ಡ್ರೈವರ್ ಅಂತಲೇ ಕರೆಯುತ್ತಾರೆ. ಕರೆಯಲಿ, ಬೇಸರವಿಲ್ಲ. ಯಾಕೆ ಬಿಟ್ಟಿರಿ ಎಂದು ಕೇಳಿದಾಗ ಮಾತ್ರ ಸಾಕುಸಾಕಾಗಿ ಹೋಗುತ್ತದೆ. ಕಣ್ಣು ಮಂಜಾಯಿತು ಅಂದಿದ್ದೇನೆ. ಸಾವಕಾರನೊಡನೆ ಜಗಳವಾಯಿತು ಅಂದಿದ್ದೇನೆ. ಎರಡೂ ಸುಳ್ಳು. ಹೇಳಿದ ಸುಳ್ಳನ್ನು ನೆನಪಿಟ್ಟುಕೊಳ್ಳುವುದೂ ಒಂದು ಕೆಲಸವೇ, ಈ ವಯಸ್ಸಿನಲ್ಲಿ ಅದು ನನ್ನಿಂದ ಆಗುವುದಿಲ್ಲ. ಅದಕ್ಕೆ ಬರೆದಿಡುತ್ತಿದ್ದೇನೆ.

ಎರಡನೇ ಮಹಾಯುದ್ಧದ ಲಡಾಯಿಯ ಕಾಲವದು. ಪೆಟ್ರೋಲು ಸಿಗುತ್ತಿರಲಿಲ್ಲ. ನಮ್ಮ ಸಾವಕಾರ ತನ್ನ ಸರ್ವೀಸ್ ಮೋಟಾರಿನ ಬೆನ್ನಿಗೆ ದೊಡ್ಡದೊಂದು ತಗಡಿನ ಪೀಪಾಯಿ ಕಟ್ಟಿಸಿದ್ದ. ಅದರಲ್ಲಿ ಇದ್ದಲಿ ಉರಿಸಬೇಕು, ಅದರ ಗ್ಯಾಸಿನಿಂದ ಗಾಡಿ ಓಡಬೇಕು. ಮುಂಜಾನೆ ಜಮಖಂಡಿಯಿಂದ ಕೃಷ್ಣಾ ನದಿಯ ದಂಡೆಗೆ ಹೋಗುತ್ತಿದ್ದೆವು. ಜನ ಅಲ್ಲಿ ಇಳಿದು, ನಾವೆಯಲ್ಲಿ ಹೊಳೆ ದಾಟಿ, ಆಚೆ ನಿಂತಿರುತ್ತಿದ್ದ ವಿಜಾಪುರದ ಮೋಟಾರು ಹಿಡಿಯುತ್ತಿದ್ದರು. ನಾವು ಮಧ್ಯಾಹ್ನಕ್ಕೆ ತಿರುಗಿ ಬಂದು, ಎರಡು ರೊಟ್ಟಿ ತಿಂದು ಮುಧೋಳಕ್ಕೆ ಹೊರಡಬೇಕು. ಸಂಜೆಗೆ ಮತ್ತೆ ಜಮಖಂಡಿ. ಮೂಗಿನಲ್ಲಿ, ಅಂಗಿಯಲ್ಲಿ, ಹಾಸಿಗೆಯಲ್ಲಿ ಎಲ್ಲೆಲ್ಲೂ ಇದ್ದಲಿಯ ಕರಿ. ಉಗುಳಿದರೂ ಕರಿ.

ನಮ್ಮ ಗಾಡಿಯಲ್ಲಿ ಡ್ರೈವರನಿಗೆ ಬೇರೆ ಖೋಲಿ ಇತ್ತು. ಮೊದಲು ಇರಲಿಲ್ಲ. ಒಮ್ಮೆ ಮುಧೋಳದ ದಾರಿಯಲ್ಲಿ ಕುಡಿದವನೊಬ್ಬ ಹಿಂದಿನಿಂದ ಬಂದು, ತಾನೇ ಹೊಡೆಯುತ್ತೇನೆಂದು ನನ್ನ ಕೈ ಮೇಲೆ ಕೈ ಹಾಕಿ ಸ್ಟೇರಿಂಗ್ ಎಳೆದ. ಗಾಡಿ ಕಬ್ಬಿನ ಹೊಲಕ್ಕೆ ನುಗ್ಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೂ ಸಾವಕಾರ ಹೆದರಿ, ಡ್ರೈವರನ ಬೆನ್ನ ಹಿಂದೆ ಹಲಗೆಯ ಗೋಡೆ ಹೊಡೆಸಿ, ಒಂದು ಸಣ್ಣ ಬಾಗಿಲಿಟ್ಟು, ಒಳಗಿನಿಂದ ಚಿಲಕ ಹಾಕಿಸಿದ. ಬದಿಯ ಬಾಗಿಲಿಗೂ ಹಾಗೆಯೇ ಒಳಚಿಲಕ. ಇನ್ನು ಯಾರೂ ಡ್ರೈವರನನ್ನು ಮುಟ್ಟುವಂತಿಲ್ಲ ಎಂದು ನಾವೆಲ್ಲ ಖುಷಿಪಟ್ಟೆವು. ಡ್ರೈವರನಿಂದ ಜನರನ್ನು ಕಾಯುವುದು ಹೇಗೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆಮೇಲೆ ಬೇರೊಂದು ಸಂಸ್ಥಾನದ ಕಡೆಯಿಂದ ಸುದ್ದಿ ಬಂತು. ಅಲ್ಲಿಯೂ ಇಂಥದೇ ಖೋಲಿಯ ಮೋಟಾರು. ಟಿಕೇಟಿನವ ಕೆಳಗೆ ಇಳಿದ ಹೊತ್ತು ನೋಡಿ ಡ್ರೈವರನು ಚಿಲಕ ಹಾಕಿಕೊಂಡನಂತೆ, ಜನ ತುಂಬಿದ ಗಾಡಿಯನ್ನು ಬೇಕೆಂದೇ ಹೊಳೆಗೆ ಇಳಿಸಿದನಂತೆ. ಒಳಗಿದ್ದವರು ಹಲಗೆ ಬಡಿದರೂ ಬಾಗಿಲು ತೆರೆಯಲಿಲ್ಲವಂತೆ. ಖರೆ ಎಷ್ಟು, ಸುಳ್ಳು ಎಷ್ಟು, ದೇವರಿಗೇ ಗೊತ್ತು. ಸುದ್ದಿ ಬಂದ ಎಂಟು ದಿನದಲ್ಲಿ ನಮ್ಮ ಮೋಟಾರು ಕಚೇರಿಯಿಂದ ಹುಕುಂ ಬಂತು. ಡ್ರೈವರ್ ಒಬ್ಬನೇ ಮುಂದೆ ಕೂಡಬಾರದು, ಪಕ್ಕದಲ್ಲಿ ಸದಾ ಇನ್ನೊಬ್ಬನಿರಬೇಕು. ದಿನಾ ಮುಂಜಾನೆ ಆ ಇನ್ನೊಬ್ಬ, ಡ್ರೈವರನ ನಿದ್ದೆ, ಊಟ, ಮನೆಯ ಸಮಾಧಾನ ಮೂರನ್ನೂ ವಿಚಾರಿಸಿ ಕಚೇರಿಗೆ ತಿಳಿಸಬೇಕು. ಸರಿಯಿಲ್ಲದ ದಿನ ಗಾಡಿ ಕೊಡಬಾರದು.

ಆ ಇನ್ನೊಬ್ಬನಿಗೆ ಜನ ಇಟ್ಟ ಹೆಸರು ‘ಜೋಡಿ’. ಎತ್ತಿಗೆ ಜೋಡಿ ಇದ್ದಂತೆ ಡ್ರೈವರನಿಗೂ ಒಂದು ಜೋಡಿ ಎಂದು ಸ್ಟ್ಯಾಂಡಿನಲ್ಲಿ ನಕ್ಕಿದ್ದೇ ನಕ್ಕಿದ್ದು. ನನಗೆ ಸಿಕ್ಕ ಜೋಡಿ ಖರೆಯಾಗಿಯೂ ಎತ್ತಿನ ಮನುಷ್ಯನೇ. ರಬಕವಿ-ಬನಹಟ್ಟಿಯ ನೂಲಿನ ಗಂಟುಗಳನ್ನು ಚಕ್ಕಡಿಯಲ್ಲಿ ಸಾಗಿಸಿ ಮುದುಕನಾದವ. ನಮ್ಮ ಮೋಟಾರು ಬಂದ ಮೇಲೆ ಆ ಕೆಲಸ ಹೋಗಿ ನಮ್ಮ ಸಾವಕಾರನ ಬಳಿಗೇ ಬಂದಿದ್ದ. ಗಾಡಿ ಹೊಡೆಯಲು ಬಾರದು. ಇದ್ದಲಿ ಕೆದಕುವುದು, ಹ್ಯಾಂಡ್ ಬ್ರೇಕ್ ಎಳೆಯುವುದು, ಎರಡೇ ವಿದ್ಯೆ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ದಿನಾ ನಸುಕಿನಲ್ಲಿ ನಮ್ಮ ಮನೆಯ ಕಟ್ಟೆಗೆ ಬಂದು ಕೂತು, ನನ್ನ ಅವ್ವ ಕೊಟ್ಟ ಚಹಾ ಕುಡಿದು, ನನ್ನನ್ನು ಕರೆದುಕೊಂಡೇ ಸ್ಟ್ಯಾಂಡಿಗೆ ಹೋಗುತ್ತಿದ್ದ. ಹಾಗೆ ಬಾ ಎಂದು ಕಚೇರಿಯ ಹುಕುಂ ಏನೂ ಇರಲಿಲ್ಲ.

“ನಿದ್ದಿ ಆತೇನೋ ತಮ್ಮಾ?”

“ಆತು.”

“ಊಟಾ?”

“ಆತು.”

“ಮನ್ಯಾಗ ಜಗಳಾ ಪಗಳಾ ಮುಗೀತೇನು?”

“ಅದೂ ಆತು ಕಾಕಾ. ನಡಿ.”

ಕಚೇರಿಯ ಮೂರು ಪ್ರಶ್ನೆಗೆ ಒಂದೇ ಶಬ್ದ ಸಾಕಾಗುತ್ತಿತ್ತು. ಬೇರೆ ಏನು ಹೇಳಬೇಕಿತ್ತು? ನಿದ್ದೆ ಬರುತ್ತಿಲ್ಲ ಎಂದರೆ ಗಾಡಿ ಹೋಗುತ್ತದೆ. ಗಾಡಿ ಹೋದರೆ ಅವ್ವನ ಒಲೆ ಆರುತ್ತದೆ. ಹೊಟ್ಟೆಪಾಡು ಹೋಗುವ ಪ್ರಶ್ನೆಗೆ ಯಾವ ಡ್ರೈವರನೂ ನಿಜ ಹೇಳುವುದಿಲ್ಲ. ಈ ಹುಕುಂ ಬರೆದವರು ಒಮ್ಮೆಯೂ ಕೂಲಿಗೆ ದುಡಿದಿರಲಿಕ್ಕಿಲ್ಲ ಅನ್ನಿಸಿ ನನಗೆ ಸಿಟ್ಟು ಬರುತ್ತಿತ್ತು.

ಖರೆ ಏನೆಂದರೆ ನನಗೆ ಮೂರು ತಿಂಗಳಿಂದ ನಿದ್ದೆ ಇರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಹೆಂಡತಿ ಜ್ವರದಿಂದ ಸತ್ತಿದ್ದಳು. ಅದೇ ಕಾರಣ ಎಂದು ಆಮೇಲೆ ಜನ ಹೇಳಿದರು. ಜನಕ್ಕೆ ಒಂದು ಕಾರಣ ಬೇಕು. ನನಗೆ ಹಾಗೆ ಅನ್ನಿಸುವುದಿಲ್ಲ. ಅವಳು ಹೋದಾಗ ಅತ್ತೆ, ಹದಿನೈದು ದಿನಕ್ಕೆ ಗಾಡಿ ಹತ್ತಿದೆ. ಇದು ಆಮೇಲೆ ಬಂದದ್ದು. ಎದ್ದರೆ ದಣಿವು, ಕೂತರೆ ದಣಿವು, ಯಾರಾದರೂ ಮಾತಾಡಿಸಿದರೆ ಉತ್ತರ ಕೊಡಲಿಕ್ಕೂ ದಣಿವು. ಅದೇ ರಸ್ತೆ, ಅದೇ ಬೇವಿನ ಮರ, ಅದೇ ಇದ್ದಲಿಯ ಕೆಮ್ಮು. ಸಾಯಬೇಕೆಂಬ ಆಸೆ ಅಂತ ಕೂಡ ಅಲ್ಲ. ನಿಲ್ಲಿಸಬೇಕು, ಅಷ್ಟೇ.

ಹೊಳೆಗೆ ಇಳಿಯುವ ಮುಂಚೆ ಒಂದು ಇಳಿಜಾರಿದೆ. ನೇರ ನೀರಿಗೆ ಮುಖ ಮಾಡಿದ ದಾರಿ. ಆ ಇಳಿಜಾರಿನ ತಲೆಯ ಮೇಲೆ ಗಾಡಿ ನಿಲ್ಲಿಸಿ, ಕಾಕಾ ಹಿಂದೆ ಹೋಗಿ ಇದ್ದಲಿ ಕೆದಕುತ್ತಿದ್ದ. ಅಷ್ಟು ಹೊತ್ತು ಅವನ ಜಾಗದಲ್ಲಿ ಇನ್ನೊಬ್ಬರು ಬಂದು ಕೂಡಬೇಕೆಂದು ಹುಕುಮಿನಲ್ಲಿತ್ತು. ಮೊದಮೊದಲು ರಬಕವಿಯ ಒಬ್ಬ ಜೈನ ವ್ಯಾಪಾರಿಯನ್ನು ಕೂಡಿಸುತ್ತಿದ್ದೆವು, ಅವರು ಬಾರದ ದಿನ ಬೇರೆ ಯಾರನ್ನೋ. ಬರಬರುತ್ತ ಅದು ಬಿಟ್ಟುಹೋಯಿತು. ಎರಡು ನಿಮಿಷದ ಕೆಲಸಕ್ಕೆ ಯಾರು ಇಳಿದು ಹತ್ತುತ್ತಾರೆ? ಹಾಗೆ ದಿನಾ ಎರಡು ನಿಮಿಷ ಆ ಖೋಲಿಯಲ್ಲಿ ನಾನೊಬ್ಬನೇ. ಮುಂದೆ ನೀರು, ಕೈಯ ಅಳತೆಯಲ್ಲಿ ಚಿಲಕ. ಒಂದು ತಿಂಗಳು ನಾನು ಆ ಚಿಲಕವನ್ನೇ ನೋಡಿದ್ದೇನೆ.

ಹಿಂದೆ ಜನ ಇದ್ದರಲ್ಲ, ಅವರು ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಆಗಲಿಲ್ಲ. ಬೆನ್ನ ಹಿಂದೆ ಹಲಗೆ ಇತ್ತು, ಹಲಗೆಯ ಆಚೆ ಬರೀ ಗದ್ದಲ. ಅದು ಮನುಷ್ಯರ ಗದ್ದಲ ಎಂಬುದು ಮನಸ್ಸಿಗೆ ತಾಗುತ್ತಲೇ ಇರಲಿಲ್ಲ. ನನ್ನ ಬಗ್ಗೆ ನನಗೆ ಇವತ್ತಿಗೂ ಹೇಸಿಗೆಯಾಗುವುದು ಇದಕ್ಕೇ.

ಆ ಮುಂಜಾನೆ ಎದ್ದಾಗ ಬಹಳ ದಿನದ ಮೇಲೆ ಮೈ ಹಗುರವಾಗಿತ್ತು. ಇವತ್ತು ಎಂದು ಗಟ್ಟಿ ಮಾಡಿದ್ದೆ. ಜಳಕ ಮಾಡಿದೆ, ಒಗೆದ ಅಂಗಿ ಹಾಕಿಕೊಂಡೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಎಂದಿನಂತೆ ಕಟ್ಟೆಯ ಮೇಲಿದ್ದ. ಪ್ರಶ್ನೆ ಕೇಳಿದ, ಮೂರಕ್ಕೂ ಆತು ಅಂದೆ. ಚಪ್ಪಲಿ ಮೆಟ್ಟಿಕೊಂಡು ಒಳಗೆ ಮುಖ ಮಾಡಿ ಹೇಳಿದೆ.

“ಯವ್ವಾ, ಹೋಗ್ತೇನಿ.”

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಮ್ಮಲ್ಲಿ ಮನೆ ಬಿಡುವವ ‘ಬರ್ತೇನಿ’ ಅನ್ನುತ್ತಾನೆ. ಹೊಲಕ್ಕೆ ಹೋಗಲಿ, ಸಂತೆಗೆ ಹೋಗಲಿ, ಕಾಶಿಗೇ ಹೋಗಲಿ, ಅನ್ನುವುದು ‘ಬರ್ತೇನಿ’ ಅಂತಲೇ. ‘ಹೋಗ್ತೇನಿ’ ಅನ್ನುವ ಮಾತು ಆ ಹೊಸ್ತಿಲಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ನಾನು ಬೇಕೆಂದು ಅಂದದ್ದಲ್ಲ. ಬಾಯಿಂದ ಅದೇ ಬಂತು.

“ಹಂಗ ಅನಬಾರದೋ ಯಪ್ಪಾ. ಬರ್ತೇನಿ ಅನ್ನು,” ಅಂದಳು ಅವ್ವ, ಹಿಟ್ಟಿನ ಕೈ ಎತ್ತಿ ಹಿಡಿದು. ನಾನು ಅಂಗಳಕ್ಕೆ ಇಳಿದುಬಿಟ್ಟೆ.

ಸ್ಟ್ಯಾಂಡಿನಲ್ಲಿ ಗಾಡಿ ತುಂಬಿತ್ತು, ಮೇಲೆ ಗಂಟುಮೂಟೆ ಬಿಗಿದಿದ್ದರು. ಇದ್ದಲಿಗೆ ಬೆಂಕಿ ಹಾಕುವುದು ಬಿಟ್ಟು ಕಾಕಾ ನೇರ ಹೋಗಿ ನನ್ನ ಜಾಗದಲ್ಲಿ ಹತ್ತಿ ಕೂತುಬಿಟ್ಟ. ಸ್ಟೇರಿಂಗನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದ.

“ಇಳಿ ಕಾಕಾ. ಹೊತ್ತಾತು.”

“ಬರ್ತೇನಿ ಅನ್ನು. ಇಳೀತೇನಿ.”

“ಏನ್ ಹುಡುಗಾಟಾ ಹಚ್ಚೀಯೋ ಮಾರಾಯಾ?”

“ಹುಡುಗಾಟಾ ಅಲ್ಲೋ ತಮ್ಮಾ. ಒಂದ ಮಾತ ಅದು. ಮೂರ ಸರ್ತಿ ಆತು ಅಂದಿ, ನಾ ಕೇಳಿದೆ. ಈಗ ಒಮ್ಮಿ ಬರ್ತೇನಿ ಅನ್ನು, ಗಾಡಿ ನಿಂದ.”

ಹಿಂದಿನಿಂದ ಜನ ಹಲಗೆ ಬಡಿಯತೊಡಗಿದರು. ಬೈಗುಳ, ನಗೆ, ಮಕ್ಕಳ ಅಳು. ನಾನು ಬಾಯಿ ತೆರೆದೆ. ಮೂರು ತಿಂಗಳು ದಿನಾ ಮೂರು ಸುಳ್ಳು ಹೇಳಿದವನು ನಾನು, ನಾಲಿಗೆಗೆ ಅದರ ಅಭ್ಯಾಸ ಚೆನ್ನಾಗಿಯೇ ಇತ್ತು. ಆದರೆ ಆ ಒಂದು ಮಾತು ಹೊರಗೆ ಬರಲೊಲ್ಲದು. ಕಚೇರಿಗೆ ಹೇಳುವ ಸುಳ್ಳು ಬೇರೆ. ಇದು ಅವ್ವನಿಗೆ ಹೇಳುವ ಮಾತು. ಕಾಕಾ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಸ್ಟೇರಿಂಗ್ ಬಿಟ್ಟು ಇಳಿದ. ನನ್ನ ರಟ್ಟೆ ಹಿಡಿದು ಕಚೇರಿಗೆ ನಡೆಸಿದ.

ಕಚೇರಿಯ ಸಾಹೇಬರು ಪುಣೆ ಕಡೆಯವರು, ಮನೆಮಾತು ಮರಾಠಿ. ಕನ್ನಡ ತಡವರಿಸಿ ಆಡುತ್ತಿದ್ದರು. ಅವರೆದುರು ಕಾಕಾ ಹೇಳಿದ್ದು ಇಷ್ಟೇ.

“ಸಾಹೇಬ್ರ, ಈತ ಮನಿ ಬಿಡೂವಾಗ ಹೋಗ್ತೇನಿ ಅಂದಾನ್ರಿ. ಬರ್ತೇನಿ ಅನ್ನಂದ್ರ ಅನವಲ್ಲ.”

ಇವರಿಗೇನು ತಿಳಿದೀತು, ಮುದುಕನನ್ನು ಬೈದು ಅಟ್ಟುತ್ತಾರೆ ಎಂದುಕೊಂಡಿದ್ದೆ. ಮರಾಠಿಯಲ್ಲೂ ಮನೆ ಬಿಡುವವ ‘ಯೇತೋ’ ಅನ್ನಬೇಕು, ‘ಜಾತೋ’ ಅನ್ನಕೂಡದು ಎಂಬುದು ಆಗ ನನ್ನ ನೆನಪಿಗೆ ಬರಲಿಲ್ಲ. ಸಾಹೇಬರು ಕನ್ನಡಕ ತೆಗೆದರು. ನಿದ್ದೆಯೇ, ಊಟವೇ, ಒಂದೂ ಕೇಳಲಿಲ್ಲ. ನನ್ನ ಅಂಗಿಯ ಮೇಲಿದ್ದ, ಡ್ರೈವರ್ ಪರವಾನಗಿಯ ಹಿತ್ತಾಳೆಯ ಬಿಲ್ಲೆಗೆ ಕೈ ಚಾಚಿದರು. ಕೊಟ್ಟೆ. ಕೂಡ್ರಿಸಿ ನೀರು ಕೊಡಿಸಿದರು.

ಪರವಾನಗಿ ಮತ್ತೆ ಬರಲಿಲ್ಲ. ನಾನೂ ಕೇಳಲಿಲ್ಲ. ಮುಂದೆ ಆರು ತಿಂಗಳು ಮನೆಯಲ್ಲೇ ಬಿದ್ದುಕೊಂಡಿದ್ದೆ. ಅವ್ವ ನೆರೆಯವರ ಜೋಳ ಬೀಸಿ ಸಾಕಿದಳು. ಆಮೇಲೆ ಬನಹಟ್ಟಿಯಲ್ಲಿ ಸೀರೆಯ ಮಗ್ಗಕ್ಕೆ ಕೂತೆ, ಬೆರಳು ಒಲಿಯಲು ಎರಡು ವರ್ಷ ಹಿಡಿಯಿತು. ಕಾಕಾನ ಮೇಲೆ ಬಹಳ ದಿನ ಸಿಟ್ಟಿತ್ತು. ಅನ್ನ ಕಿತ್ತುಕೊಂಡ ಮುದುಕ ಎಂದು ಎದುರಿಗೇ ಬೈದಿದ್ದೇನೆ. ಅವನು ಬೈಸಿಕೊಂಡು, ಮರುದಿನ ಮತ್ತೆ ಚಹಾಕ್ಕೆ ಕಟ್ಟೆಗೆ ಬರುತ್ತಿದ್ದ. ನಿನಗೆ ಹೇಗೆ ತಿಳಿಯಿತು ಎಂದು ಒಮ್ಮೆ ಕೇಳಿದೆ.

“ಏನ್ ತಿಳೀಲಿಲ್ಲೋ,” ಅಂದ. “ಅಂಜಿಕಿ ಬಂತು, ಅಷ್ಟ. ಎತ್ತ ಆಗಿದ್ರ ನೊಗದ ಕೊಳ್ಳ ಬಿಚ್ಚಿ ಬಿಡತಿದ್ದೆ. ನೀ ಮನಿಶ್ಯಾ, ಏನ್ ಬಿಚ್ಚಬೇಕು ತಿಳೀಲಿಲ್ಲ. ಅದಕ್ಕ ಗಾಡಿ ಬಿಚ್ಚಿದೆ.”

ಆದರೆ ಆ ದಿನದ ಮಧ್ಯಾಹ್ನದ್ದು ಹೇಳಿಯೇ ಮುಗಿಸಬೇಕು. ಬೇರೆ ಡ್ರೈವರನನ್ನು ಹುಡುಕಿ ತರುವಷ್ಟರಲ್ಲಿ ಬಿಸಿಲೇರಿ, ಗಾಡಿ ಬಹಳ ತಡವಾಗಿ ಹೊರಟಿತ್ತು. ನಾನು ಮನೆಗೆ ಹೋಗಲು ಮುಖವಿಲ್ಲದೆ ಸ್ಟ್ಯಾಂಡಿನ ಬೇವಿನ ಕೆಳಗೆ ಕೂತೇ ಇದ್ದೆ. ಗಾಡಿ ತಿರುಗಿ ಬಂದಾಗ, ಹೋದವರಲ್ಲಿ ಕೆಲವರು ಅದರಲ್ಲೇ ವಾಪಸು ಬಂದರು. ಹೊಳೆ ದಾಟುವ ಹೊತ್ತಿಗೆ ಆಚೆಯ ವಿಜಾಪುರದ ಮೋಟಾರು ಹೋಗಿಬಿಟ್ಟಿತ್ತು, ಅದು ದಿನಕ್ಕೆ ಒಂದೇ.

ಎಲ್ಲರಿಗಿಂತ ಮೊದಲು ಇಳಿದವಳು ಚಿಮ್ಮಡದ ಒಬ್ಬ ಮುದುಕಿ. ಕಂಕುಳಲ್ಲಿ ಉಂಡಿಯ ಬುಟ್ಟಿ. ನನ್ನನ್ನು ಯಾರೋ ಬೆರಳು ಮಾಡಿ ತೋರಿಸಿದ್ದರು. ಬುಟ್ಟಿಯನ್ನು ನೆಲಕ್ಕಿಟ್ಟು ನನ್ನೆದುರು ಬಂದು ನಿಂತಳು.

“ನೀನೇನೋ ಭಾಡ್ಯಾ, ಗಾಡಿ ಹೊಡಿಯೂದಿಲ್ಲಂತ ಹಟಾ ಹಿಡದಾಂವಾ? ಮಮ್ಮಗನ್ನ ತೊಟ್ಟಲಕ್ಕ ಹಾಕೂದಿತ್ತೋ ಇವತ್ತ! ನನ್ನ ಮಗಳ ಹಾದಿ ನೋಡಿ ನೋಡಿ ಅತ್ತಿರತಾಳೋ! ನಿನ್ನ ಹೆಣಾ ಎತ್ತಲಿ!”

ಜನ ಸೇರಿದರು. ಅವಳಿಗೆ ಅವರಿವರ ಪರಿವೆ ಇರಲಿಲ್ಲ. ಕೈ ಬೀಸಿ ಬೀಸಿ ಬೈದಳು, ಸೆರಗು ಜಾರಿತು, ಕೊರಳ ನರ ಉಬ್ಬಿತು, ಬಿಸಿಲಿಗೆ ಹಣೆಯ ಬೆವರು ಕಣ್ಣಿಗಿಳಿದು ಒರೆಸಿಕೊಂಡು ಮತ್ತೆ ಬೈದಳು. ತಿಂಗಳುಗಟ್ಟಲೆ ಹಲಗೆಯ ಆಚೆ ಇದ್ದ ಗದ್ದಲಕ್ಕೆ ಆಗ ಒಂದು ಮುಖ ಕಂಡಿತು ನನಗೆ. ನನ್ನ ಕಣ್ಣಿನಿಂದ ನೀರು ತಾನಾಗಿಯೇ ಇಳಿಯಿತು. ಅದನ್ನು ನೋಡಿ ಅವಳು ಗಕ್ಕನೆ ಬೈಗುಳ ನಿಲ್ಲಿಸಿದಳು, ಹೆಚ್ಚಾಯಿತೇನೋ ಎಂದು ಬಾಯಿ ಮೇಲೆ ಸೆರಗು ಇಟ್ಟುಕೊಂಡಳು.

“ನಿಲ್ಲಿಸಬ್ಯಾಡ ಬೇ ಯವ್ವಾ,” ಅಂದೆ ನಾನು. “ಬೈ. ಇನ್ನಷ್ಟ ಬೈ.”